ಕಣ್ಣು ಕೇಳುವ ಕಣ್ಣಪ್ಪ

ಬಗದಲ್‌ನ ಒಂದು ಮೊಬೈಲ್ ಅಂಗಡಿ. ಕಾಕಾ ಪೆನ್‌ಡ್ರೈವ್ ಹಿಡಿದು ನಿಂತಿದ್ದಾರೆ, ಪ್ರಸಾದಕ್ಕೆ ನಿಂತಂತೆ.

ಕಾಕಾ: ತಮ್ಮಾ, 1954ರ ‘ಬೇಡರ ಕಣ್ಣಪ್ಪ’ ಅದ ಏನು? ಚೊಕ್ಕಂದು?

ಹುಡುಗ: ಅದರೀ ಕಾಕಾ, ನೋಡ್ರಿ.

ಕಾಕಾ: ಇದರಾಗ ರಾಜಕುಮಾರ್ ಎಲ್ಲಿ?

ಹುಡುಗ: ಚಾನೆಲ್ ಲೋಗೊ ಹಿಂದ ನಿಂತಾರ್ರಿ.

ಕಾಕಾ: ಮಳಿ ಯಾಕ ಬರ್ಲತ್ತದ?

ಹುಡುಗ: ಮಳಿ ಅಲ್ರಿ, ರೀಲಿನ ಗೀರು.

ಕಾಕಾ: 1965ರ ‘ಸತ್ಯ ಹರಿಶ್ಚಂದ್ರ’ಕ್ಕ 2008ರಾಗ ಬಣ್ಣಾನೇ ಹಚ್ಚಿದ್ರು. ಇದರ ಮುಖಾ ತೊಳಿಯೋರೂ ಇಲ್ಲೇನು?

ಹುಡುಗ: ಇದಾದ್ರೂ ಅದರೀ. ಕನ್ನಡದ ಮೊದಲ ಟಾಕಿ, 1934ರ ‘ಸತಿ ಸುಲೋಚನಾ’ದ ರೀಲೇ ಉಳದಿಲ್ಲ.

ಕಾಕಾ: ಪುಣ್ಯವಂತಿ, ಗೀರು ಬೀಳೋದು ತಪ್ಪಿತು. (ಕನ್ನಡಕ ಒರೆಸುತ್ತ) ಕಣ್ಣಪ್ಪ ಶಿವಗ ಕಣ್ಣು ಕೊಟ್ಟ. ಇದನ್ನ ಪೂರಾ ನೋಡಿದ್ರ ನಾನೂ ಕೊಟ್ಟಂಗೇ. ಹಾಕು, ಎಷ್ಟು?

ಹುಡುಗ: 20 ರೂಪಾಯಿ. ಕ್ಲೈಮ್ಯಾಕ್ಸ್ ಇದರಾಗ ಇಲ್ರಿ, ನಿಮ್ಮ ಕಣ್ಣು ಉಳೀತಾವ.