ಮಾದಾಪುರದ ಗುರುತುಮೀಮಾಂಸೆ

ಗುರುತಿಗೆ ಶರೀರಗಳು ಮೂರು: ಸ್ಥೂಲ, ಸೂಕ್ಷ್ಮ, ಕಾರಣ. ಆಧಾರ್ ಕಾರ್ಡಿನ ಜೆರಾಕ್ಸ್ ಸ್ಥೂಲ, ಅದರ ಪಿಡಿಎಫ್ ಸೂಕ್ಷ್ಮ, ಒಟಿಪಿ ಕಾರಣ. ಮೂರನ್ನೂ ಒಂದೇ ಮಧ್ಯಾಹ್ನದಲ್ಲಿ ತ್ಯಜಿಸಿ ಮುಕ್ತರಾಗಲು ಪ್ರಶಸ್ತ ಕ್ಷೇತ್ರ ಹೈದರಾಬಾದಿನ ಮಾದಾಪುರ. 1998ರಲ್ಲಿ ಪ್ರಧಾನಿ ವಾಜಪೇಯಿ ಇಲ್ಲಿ ಸೈಬರ್ ಟವರ್ಸ್ ಉದ್ಘಾಟಿಸಿದರು. ರಾಯಚೂರು, ಕಲಬುರಗಿ, ಬೀದರಿನ ತರುಣರು ಬಸ್ಸು ಹಿಡಿದು ಬಂದು ಅಯ್ಯಪ್ಪ ಸೊಸೈಟಿಯ ಹಾಸ್ಟೆಲುಗಳಲ್ಲಿ ಇಳಿದುಕೊಳ್ಳುತ್ತಾರೆ. ಹಗಲೆಲ್ಲ ಪರದೇಶದ ಬ್ಯಾಂಕುಗಳ ಗುಟ್ಟು ಕಾಯುವುದು ಅವರ ವೃತ್ತಿ. ಸ್ವಂತ ಗುಟ್ಟಿನ ಪಾಲಕ ಜೆರಾಕ್ಸ್ ಅಂಗಡಿಯವನು.

ಸಮರ್ಪಣೆಯ ವಿಧಿ ಹೀಗಿದೆ. ಗೋಡೆಯ ಮೇಲೆ ಬರೆದ ನಂಬರಿಗೆ ಪಿಡಿಎಫನ್ನು ವಾಟ್ಸಾಪ್ ಮಾಡಬೇಕು. 'ಪಾಸ್‌ವರ್ಡ್ ಚೆಪ್ಪು ಅನ್ನಾ' ಎಂದು ಅಂಗಡಿಯವನು ಕೂಗಿದೊಡನೆ, ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವಂತೆ ಉಚ್ಚರಿಸಬೇಕು. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ, ಮುಂದೆ ಹುಟ್ಟಿದ ವರ್ಷ: ಇ-ಆಧಾರ್ ಪಾಸ್‌ವರ್ಡಿನ ಈ ಸೂತ್ರವನ್ನು ಆಧಾರ್ ನೀಡುವ ಪ್ರಾಧಿಕಾರವೇ ಪ್ರಕಟಿಸಿರುವುದರಿಂದ ಕೂಗಿದ್ದರಲ್ಲಿ ದೋಷವಿಲ್ಲ. ಕಲ್ಯಾಣ ಕರ್ನಾಟಕದ ಮಟ್ಟಿಗಂತೂ ಸೂತ್ರ ಅತಿ ಉದಾರ. ಬಸವರಾಜ, ಬಸವಲಿಂಗಪ್ಪ, ಬಸಮ್ಮ ಎಲ್ಲರಿಗೂ ಬಿ, ಎ, ಎಸ್, ಎ. ಉಳಿಯುವುದು ಹುಟ್ಟಿದ ವರ್ಷ. ಅದನ್ನು ಪಿಯುಸಿ ಗೆಳೆಯರ ಗ್ರೂಪು ಪ್ರತಿವರ್ಷ ಕೇಕಿನ ಚಿತ್ರದೊಡನೆ ಸಾರುತ್ತದೆ.

ಕಾರಣಶರೀರವು ಕ್ಷಣಭಂಗುರ. ಮೂರನೆಯ ಮಹಡಿಯಿಂದ ಪಾರ್ಸೆಲ್ ಹುಡುಗನಿಗೆ ಕೂಗಿ ಹೇಳಿದರೆ ಅದರ ಪ್ರಯೋಜನ ತೀರಿತು.

ಖಾಸಗಿತನ ಮೂಲಭೂತ ಹಕ್ಕಲ್ಲವೇ ಎಂಬುದು ಪೂರ್ವಪಕ್ಷ. ಹೌದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹಾಗೆಂದು ತೀರ್ಪಿತ್ತರು. ತೀರ್ಪು ದೆಹಲಿಯಿಂದ ಹಾಸ್ಟೆಲಿನ ಕೌಂಟರಿಗೆ ತಲುಪುವಷ್ಟರಲ್ಲಿ 'ಎರಡು ಕಾಪಿ, ಒಂದು ಫೋಟೊ' ಎಂಬ ಪಾಠಾಂತರ ಪಡೆದಿದೆ.

2022ರ ಮೇ 27ರಂದು ಪ್ರಾಧಿಕಾರದ ಬೆಂಗಳೂರು ಕಚೇರಿ, ಆಧಾರ್ ಜೆರಾಕ್ಸನ್ನು ಯಾರಿಗೂ ಕೊಡಬೇಡಿ, ದುರುಪಯೋಗವಾದೀತು ಎಂದು ಎಚ್ಚರಿಸಿತು. ಜನ ತಪ್ಪಾಗಿ ಅರ್ಥೈಸಿಯಾರು, ಎಂದಿನ ಎಚ್ಚರ ಸಾಕು ಎಂದು ಕೇಂದ್ರ ಸರ್ಕಾರ 29ರಂದು ಅದನ್ನು ಹಿಂಪಡೆಯಿತು. ನಡುವಿನ ಅವಧಿಯನ್ನು ಈ ಶಾಸ್ತ್ರದ ಸುವರ್ಣಯುಗವೆಂದು ಗಣಿಸುವುದು ವಾಡಿಕೆ.

ಆ ಯುಗದ ಉಪದೇಶಗಳಲ್ಲಿ ಮಾಸ್ಕ್ಡ್ ಆಧಾರ್ ಮುಖ್ಯ. ಹನ್ನೆರಡು ಅಂಕಿಗಳಲ್ಲಿ ಕೊನೆಯ ನಾಲ್ಕಷ್ಟೇ ಅದರಲ್ಲಿ ಕಾಣುತ್ತವೆ. ಇದನ್ನು ಒಯ್ದವನಿಗೆ ಹಾಸ್ಟೆಲ್ ಮ್ಯಾನೇಜರು ಗದರುವುದಿಲ್ಲ, ಬಾಲ್‌ಪೆನ್ನು ಕೊಡುತ್ತಾನೆ. ಉಳಿದ ಎಂಟು ಅಂಕಿಗಳನ್ನು ಸಾಧಕ ತಾನೇ ತುಂಬಿ, ಕೆಳಗೆ ರುಜು ಹಾಕುತ್ತಾನೆ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ದಂಡ 250 ಕೋಟಿ ರೂಪಾಯಿವರೆಗೂ ಉಂಟು. ಆದರೆ ಕಾಯ್ದೆ ಅನ್ವಯಿಸುವುದು ಡಿಜಿಟಲ್ ರೂಪದಲ್ಲಿ ಪಡೆದ, ಇಲ್ಲವೇ ಆಮೇಲೆ ಆ ರೂಪಕ್ಕೆ ತಂದ ಮಾಹಿತಿಗೆ ಮಾತ್ರ. ಹಾಸ್ಟೆಲಿನ ಉದ್ದನೆಯ ರಿಜಿಸ್ಟರು ಅಪ್ಪಟ ಕಾಗದದ್ದು. ಅದರ ಕೊನೆಯ ಕಾಲಮ್ಮಿನಲ್ಲಿ ತಂದೆಯ ಮೊಬೈಲ್ ನಂಬರನ್ನೂ ಬರೆಯತಕ್ಕದ್ದು.