ಒಂಬತ್ತನೇ ನಂಬರಿನ ಮಾವ

ಫುಟ್‌ಬಾಲ್ ಅಭಿಮಾನಿಗಳಲ್ಲಿ ಆಟ ನೋಡುವವರದು ಒಂದು ಪಂಗಡ, ಆಟಗಾರರನ್ನು ಕೊಂಡು ಮಾರುವವರದು ಇನ್ನೊಂದು. ನಮ್ಮ ಬಡಾವಣೆಯ ಮಿಲಾನ್ ಮಾವ ಈ ಎರಡನೆಯವರ ಕುಲತಿಲಕ. ಪಂದ್ಯಕ್ಕೆಂದು ರಾತ್ರಿ ಟೀವಿ ಮುಂದೆ ಕೂತರೆ ವಿರಾಮದೊಳಗೆ ಗೊರಕೆ. ಜನವರಿಯಲ್ಲಿ ಆಟಗಾರರ ಕೊಡು-ಕೊಳ್ಳುವಿಕೆ ಮುಗಿಯುವ ಕೊನೆಯ ರಾತ್ರಿ ಮಾತ್ರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಎಚ್ಚರ. ಗೋಲು ಹೊಡೆದವನ ಹೆಸರು ಬೆಳಿಗ್ಗೆ ಪೇಪರಿನಲ್ಲಿ ಸಿಗುತ್ತದಂತೆ. ಯಾರನ್ನು ಯಾರ ತಲೆಗೆ ಕಟ್ಟಿದರು ಅನ್ನುವುದನ್ನು ಖುದ್ದು ಹಾಜರಿದ್ದೇ ನೋಡಬೇಕಂತೆ.

ಇಟಲಿಯನ್ನು ಅವರು ಭೂಪಟದಲ್ಲಿ ಬಿಟ್ಟರೆ ಬೇರೆಲ್ಲೂ ಕಂಡವರಲ್ಲ. 1990ರ ವಿಶ್ವಕಪ್ಪನ್ನು ದೂರದರ್ಶನದಲ್ಲಿ ನೋಡುವಾಗ ಹಾಲೆಂಡಿನ ವಾನ್ ಬಾಸ್ಟೆನ್, ಗುಲ್ಲಿಟ್, ರೈಕಾರ್ಡ್ ಮೂವರೂ ಎಸಿ ಮಿಲಾನ್ ಕ್ಲಬ್ಬಿನವರೆಂದು ಯಾರೋ ಹೇಳಿದರು. ಅವತ್ತೇ ದೀಕ್ಷೆ ಆಗಿಹೋಯಿತು. ಅಲ್ಲಿಂದೀಚೆಗೆ ಮನೆಯವರ ಹುಟ್ಟುಹಬ್ಬ ಮರೆತಿರಬಹುದು, ಮಿಲಾನಿನ ಒಂಬತ್ತನೇ ನಂಬರಿನ ಅಂಗಿ ಯಾರ ಮೈಮೇಲಿದೆ ಅನ್ನುವುದನ್ನು ಮರೆತದ್ದಿಲ್ಲ.

ಆ ಅಂಗಿಯ ಒಂದು ನಕಲು ಅವರ ಹತ್ತಿರವೂ ಇದೆ. ಜಯನಗರ ಫೋರ್ತ್ ಬ್ಲಾಕಿನ ಫುಟ್‌ಪಾತಿನಲ್ಲಿ ಚೌಕಾಸಿ ಮಾಡಿ ತಂದದ್ದು, ಕೆಂಪು-ಕಪ್ಪು ಪಟ್ಟೆ. 2012ರಲ್ಲಿ ಇನ್‌ಜಾಗಿ ನಿವೃತ್ತನಾಗಿ ನಂಬರು ಪಾಟೋಗೆ ಬಂತು. ಮಾವ ಬೆನ್ನ ಮೇಲೆ ಪಾಟೋ ಹೆಸರು ಹಾಕಿಸಿದರು. ಜನವರಿ 2013ಕ್ಕೆ ಪಾಟೋ ಬ್ರೆಜಿಲ್ಲಿಗೆ ಗಂಟುಮೂಟೆ ಕಟ್ಟಿದ. ಅಕ್ಷರ ಕೀಳಿಸಿ ಮಾತ್ರಿ ಹೆಸರು ಅಂಟಿಸಿದರು. ಜನವರಿ 2014ಕ್ಕೆ ಅವನೂ ಫಿಯೊರೆಂಟಿನಾ ಸೇರಿದ. ಮತ್ತೆ ಕಿತ್ತು, ಮತ್ತೆ ಅಂಟಿಸಿ, ಈಗ ಫರ್ನಾಂಡೋ ಟೊರೆಸ್. ಅಷ್ಟು ಹೊತ್ತಿಗೆ ಬೆನ್ನಿನ ಆ ಭಾಗ ಗೋಂದು ಕುಡಿದು ಹಪ್ಪಳದಷ್ಟು ಗಡುಸಾಗಿತ್ತು. ಕುರ್ಚಿಗೆ ಒರಗಿದರೆ ಪಟಪಟ ಸದ್ದು. ಪ್ರಿಂಟಿಂಗ್ ಅಂಗಡಿಯ ಹುಡುಗ, ‘ಸಾರ್, ಇನ್ನೊಂದು ಸಲ ಇಸ್ತ್ರಿ ಒತ್ತಿದ್ರೆ ಬಟ್ಟೆ ತೂತಾಗತ್ತೆ, ಆಮೇಲೆ ನನ್ನ ಕೇಳ್ಬೇಡಿ’ ಅಂತ ಎಚ್ಚರಿಕೆ ಕೊಟ್ಟಿದ್ದ.

ಹೀಗಿರುವಾಗ 2014ರ ಡಿಸೆಂಬರ್ ಕೊನೆಗೆ ಸುದ್ದಿ ಬಂತು. ಟೊರೆಸ್‌ನನ್ನು ಅಟ್ಲೆಟಿಕೋ ಮ್ಯಾಡ್ರಿಡ್‌ಗೆ ಕೊಟ್ಟು ಅಲ್ಲಿಂದ ಅಲೆಸ್ಸಿಯೋ ಸೆರ್ಚಿಯನ್ನು ಮಿಲಾನ್ ತರಿಸಿಕೊಳ್ಳುತ್ತದಂತೆ. ಇಬ್ಬರೂ ಎರವಲು, ಇಬ್ಬರೂ 2016ರ ಬೇಸಿಗೆಯವರೆಗೆ. ಮಿಲಾನಿನಲ್ಲಿ ಟೊರೆಸ್ ಆಡಿದ್ದು ಹತ್ತು ಲೀಗ್ ಪಂದ್ಯ, ಹೊಡೆದದ್ದು ಎಂಪೋಲಿ ಎದುರು ಒಂದೇ ಗೋಲು. ಸೆರ್ಚಿ ಅದಕ್ಕೂ ಕಡೆ. ಅಟ್ಲೆಟಿಕೋ ಪರ ಲೀಗಿನಲ್ಲಿ ಒಂದೂ ಇಲ್ಲ, ಬೆಂಚು ಕಾಯಿಸಿದ್ದೇ ಹೆಚ್ಚು.

ಭಾನುವಾರ ಬೆಳಿಗ್ಗೆ ದರ್ಶಿನಿಯ ಕಲ್ಲುಮೇಜಿನ ಸುತ್ತ ಸಭೆ ಸೇರಿತು. ಎದುರು ಪಕ್ಷಕ್ಕೆ ಮಾವನ ಸ್ವಂತ ಅಕ್ಕನ ಮಗ. 2014ರ ಮೇ ತಿಂಗಳಲ್ಲಿ ಅಟ್ಲೆಟಿಕೋ ಸ್ಪೇನಿನ ಚಾಂಪಿಯನ್ ಆದದ್ದೇ ತಡ ಆ ಕಡೆ ವಾಲಿದವನು. ಹೊಸ ಭಕ್ತರಿಗೆ ಮಡಿ ಜಾಸ್ತಿ ತಾನೆ? ಮೂರನೆಯವರು ಚೆಲ್ಸಿಯ ಕಡೆಯ ಬ್ಯಾಂಕ್ ನೌಕರರು. 2011ರಲ್ಲಿ ಟೊರೆಸ್‌ಗೆ ಐದು ಕೋಟಿ ಪೌಂಡ್ ಸುರಿದು, ಮೊದಲ ಗೋಲಿಗಾಗಿ 903 ನಿಮಿಷ ಕಾದ ಪೈಕಿ. ಆ ಮನುಷ್ಯ ವಾದಕ್ಕಿಳಿಯುವುದಿಲ್ಲ, ಟೊರೆಸ್ ಹೆಸರು ಬಂದಾಗಲೆಲ್ಲ ನಗುತ್ತಾರೆ, ಅಷ್ಟೇ.

‘ನೋಡೋ, ನಿಮಗೆ ಸರಿಯಾಗಿ ಟೋಪಿ ಬಿತ್ತು’ ಎಂದು ಮಾವ ಶುರು ಮಾಡಿದರು. ‘ಸೆರ್ಚಿ ಹೋದ ಸೀಸನ್‌ನಲ್ಲಿ ಟೊರಿನೋಗೆ ಹದಿಮೂರು ಗೋಲು ಹೊಡ್ದವ್ನು. ನಿಮ್ಮ ಕೋಚ್ ಸಿಮಿಯೋನೆಗೆ ಅವನನ್ನ ಬಳಸ್ಕೊಳ್ಳೋಕೆ ಬರ್ಲಿಲ್ಲ. ಇಟಲಿಯ ಮಣ್ಣು ಸೋಕಲಿ, ಆಮೇಲೆ ನೋಡು.’

‘ಮಾವ, ಟೊರೆಸ್ ನಮ್ಮ ಮನೆ ಹುಡುಗ. ಹತ್ತೊಂಬತ್ತಕ್ಕೇ ನಮಗೆ ಕ್ಯಾಪ್ಟನ್ ಆಗಿದ್ದ. ನಿಮ್ಮಲ್ಲಿ ಅವನಿಗೆ ಬಾಲ್ ಕೊಡೋರೇ ಇರ್ಲಿಲ್ಲ.’

‘ಬಾಲ್ ಕೊಟ್ರೆ ಅದನ್ನ ಏನ್ ಮಾಡ್ತಿದ್ದ? ಮನೆಗೆ ತಗೊಂಡ್ ಹೋಗ್ತಿದ್ದ!’

ಚೆಲ್ಸಿಯವರು ನಕ್ಕರು.

ಈ ಜಾತಿಯವರ ತರ್ಕ ಗಮನಿಸಬೇಕು. ನಮ್ಮವನು ಗೋಲು ಹೊಡೆಯದಿದ್ದರೆ ಕೈಲಾಗದವನು, ದಂಡಪಿಂಡ. ಎದುರಿನವರ ಕಡೆಯವನು ಹೊಡೆಯದಿದ್ದರೆ ಪಾಪ, ಅವಕಾಶ ಸಿಗದ ಪ್ರತಿಭೆ. ನಾಲ್ಕು ತಿಂಗಳ ಹಿಂದೆ ಟೊರೆಸ್ ಚೆಲ್ಸಿಯಿಂದ ಬಂದಾಗ ಮಾವನ ಬಾಯಲ್ಲಿ ಅವನೂ ಅವಕಾಶ ಸಿಗದ ಪ್ರತಿಭೆಯೇ ಆಗಿದ್ದ. 2008ರ ಯೂರೋ ಫೈನಲಿನಲ್ಲಿ ಜರ್ಮನಿಗೆ ಹೊಡೆದ ಗೋಲನ್ನು ಸಕ್ಕರೆ ಡಬ್ಬಿಯನ್ನೇ ಗೋಲ್‌ಕೀಪರ್ ಮಾಡಿ ಇದೇ ಮೇಜಿನ ಮೇಲೆ ತೋರಿಸಿದ್ದರು. ಅದನ್ನು ನೆನಪಿಸಲು ಹೋದೆ. ‘ನೀವು ಸುಮ್ನಿರಿ, ನಿಮಗೆ ಕ್ರಿಕೆಟ್ಟೇ ಸರಿ’ ಅಂದುಬಿಟ್ಟರು.

ಇಷ್ಟಕ್ಕೂ ಮಾವನಿಗೆ ಈ ವಿದ್ಯೆ ಕಚೇರಿಯಿಂದಲೇ ಬಂದದ್ದು. ಸರ್ಕಾರಿ ಇಲಾಖೆಯೊಂದರ ಸಿಬ್ಬಂದಿ ಶಾಖೆಯಲ್ಲಿ ಅವರ ಮೇಜಿನ ಮೇಲೆ ಹಾಯದೆ ಯಾವ ಪರಸ್ಪರ ವರ್ಗಾವಣೆಯ ಅರ್ಜಿಯೂ ಮುಂದೆ ಹೋಗುವುದಿಲ್ಲ. ಎರಡೂ ಊರಿನ ಸಾಹೇಬರು ತಮ್ಮ ತಮ್ಮ ಗುಮಾಸ್ತನನ್ನು ‘ದಕ್ಷ, ಪ್ರಾಮಾಣಿಕ, ಕರ್ತವ್ಯನಿಷ್ಠ’ ಎಂದು ಹೊಗಳಿ ಶಿಫಾರಸು ಬರೆದಿದ್ದರೆ, ಎರಡೂ ಕಡೆ ಪೀಡೆ ತೊಲಗಿದರೆ ಸಾಕಾಗಿದೆ ಅಂತಲೇ ಲೆಕ್ಕ. ಹೊಗಳಿಕೆ ಜಾಸ್ತಿಯಾದಷ್ಟೂ ಫೈಲು ಬೇಗ ಓಡುತ್ತದೆ. ಇದನ್ನು ನಮಗೆ ವಿವರಿಸಿದವರು ಮಾವನೇ. ಅಂಥವರು ಮಿಲಾನ್ ಕ್ಲಬ್ಬು ಸೆರ್ಚಿಯನ್ನು ಕೊಂಡಾಡಿ ಹೊರಡಿಸಿದ ಪ್ರಕಟಣೆಯನ್ನು ಮಾತ್ರ ಅಕ್ಷರಶಃ ನಂಬಿದರು.

‘ಅವನನ್ನ ವಾಲ್‌ಮೊಂಟೋನೆಯ ಆನ್ರಿ ಅಂತಾರೆ ಗೊತ್ತಾ?’ ಅಂದರು. ವಾಲ್‌ಮೊಂಟೋನೆ ರೋಮಿನ ಹತ್ತಿರದ ಸಣ್ಣ ಊರು. ಆನ್ರಿ ಅಂದರೆ ಫ್ರಾನ್ಸಿನ ತಿಯರಿ ಆನ್ರಿಯೇ.

‘ಹಾಗಾದ್ರೆ ಮಾವ, ಆನ್ರಿಯನ್ನ ಆರ್ಸೆನಲ್ಲಿನ ಸೆರ್ಚಿ ಅಂತ ಯಾಕೆ ಯಾರೂ ಕರೀಲಿಲ್ಲ?’

ಜನವರಿ 4ರಂದು ಟೊರೆಸ್‌ನನ್ನು ಬರಮಾಡಿಕೊಳ್ಳಲು ಮ್ಯಾಡ್ರಿಡ್ಡಿನ ಕಾಲ್ಡೆರೋನ್ ಸ್ಟೇಡಿಯಮ್ಮಿನಲ್ಲಿ ಸುಮಾರು 45,000 ಜನ ನೆರೆದರು. ಪಂದ್ಯ ಇರಲಿಲ್ಲ, ಬರೀ ದರ್ಶನ. ‘ಜನ ಸೇರಿದ್ರೆ ಗೋಲಾಗತ್ತೇನೋ?’ ಎಂದು ಮಾವ ಕೊಂಕು ನುಡಿದರು. 15ರ ರಾತ್ರಿ ಕಿಂಗ್ಸ್ ಕಪ್ಪಿನಲ್ಲಿ ರಿಯಲ್ ಮ್ಯಾಡ್ರಿಡ್ ಎದುರು, ಅದೂ ಅವರ ಬರ್ನಬೇವಿನಲ್ಲೇ, ಟೊರೆಸ್ ಆಟ ಶುರುವಾದ ಮೊದಲ ನಿಮಿಷದಲ್ಲೊಂದು, ವಿರಾಮ ಮುಗಿದ ಮೊದಲ ನಿಮಿಷದಲ್ಲೊಂದು ಗೋಲು ಹಾಕಿದ. ರಿಯಲ್ ಹೊರಬಿತ್ತು. ಬೆಳಿಗ್ಗೆ ಆರಕ್ಕೇ ಸೋದರಳಿಯನ ಫೋನು. ಮಾವ ಸ್ನಾನದಲ್ಲಿದ್ದರಂತೆ. ಏಳಕ್ಕೂ ಸ್ನಾನದಲ್ಲಿದ್ದರಂತೆ, ಎಂಟಕ್ಕೂ.

ಸಂಜೆ ಸಿಕ್ಕಾಗ ಹೊಸ ವಾದ ಸಿದ್ಧವಾಗಿತ್ತು. ‘ನಾಲ್ಕು ತಿಂಗಳು ಇನ್‌ಜಾಗಿ ಕೈಕೆಳಗೆ ಪಳಗಿದ್ದಕ್ಕೇ ಹೊಡ್ದ.’ ಮಿಲಾನಿನ ಹಳೆಯ ಒಂಬತ್ತು ಆ ಹೊತ್ತಿಗೆ ಅಲ್ಲಿನ ಕೋಚ್ ಆಗಿದ್ದರು. ತಂಡದ ಹೊಸ ಒಂಬತ್ತುಗಳಿಗೆ ಅವರು ಕೊಟ್ಟ ತರಬೇತಿಯ ಫಲ ಬೇರೆ ಕ್ಲಬ್ಬಿನಲ್ಲೇ ಯಾಕೆ ಕಾಣುತ್ತದೆ ಎಂದು ಅಳಿಯ ಕೇಳಿದ. ಮಾವ ಮಾಣಿಯನ್ನು ಕರೆದು ಬಿಲ್ಲಿನಲ್ಲಿ ತಪ್ಪು ಹುಡುಕತೊಡಗಿದರು.

ಸೆರ್ಚಿಯ ಕತೆ ಚಿಕ್ಕದು: ಇಟಲಿಯ ಮಣ್ಣು ಸೋಕಿತು, ಏನೂ ಆಗಲಿಲ್ಲ. 2016ರ ಜನವರಿಯಲ್ಲಿ ಮಿಲಾನ್ ಅವನನ್ನು ಜೆನೋವಾಗೆ ದಾಟಿಸಿತು. ಅದೇ ತಿಂಗಳು ಮಿಲಾನಿನ ಆಗಿನ ಒಂಬತ್ತು, ಲೂಯಿಜ್ ಅಡ್ರಿಯಾನೋ, ಚೀನಾದ ಕ್ಲಬ್ ಸೇರಲೆಂದು ಹೊರಟು, ವ್ಯವಹಾರ ಕುದುರದೆ ವಾಪಸ್ ಬಂದ. ಅಟ್ಲೆಟಿಕೋದಲ್ಲೂ ಪರಿಸ್ಥಿತಿ ಚೆನ್ನಾಗಿರಲಿಲ್ಲ. ಹಿಂದಿನ ಬೇಸಿಗೆಯಲ್ಲಿ ಮಿಲಾನಿನ ಬಾಯಿಂದ ಕಸಿದುಕೊಂಡಂತೆ ತಂದ ಜಾಕ್ಸನ್ ಮಾರ್ಟಿನೆಜ್‌ನಿಂದ ಗೋಲೇ ಹೊರಡುತ್ತಿಲ್ಲ. ಮಾವ ಮತ್ತೆ ಅಳಿಯನನ್ನು ದರ್ಶಿನಿಗೆ ಕರೆಸಿಕೊಂಡರು.

‘ಜಾಕ್ಸನ್‌ನ ನಮಗೆ ಕೊಡ್ರೋ. ನಿಮಗೆ ಅವನನ್ನ ಬಳಸ್ಕೊಳ್ಳೋಕೆ ಬರಲ್ಲ.’

‘ಬದಲಿಗೆ ಯಾರನ್ನ ಕೊಡ್ತೀರಾ ಮಾವ?’

‘ಅಡ್ರಿಯಾನೋ ಇದಾನಲ್ಲ. ದಕ್ಷ, ಪ್ರಾಮಾಣಿಕ…’

ಮಾತು ಮುಗಿಯುವ ಮೊದಲೇ ಚೆಲ್ಸಿಯವರಿಗೆ ಕಾಫಿ ನೆತ್ತಿಗೆ ಹತ್ತಿತು.