ರೇಸ್ ಗೀಸ್ ಏನಿಲ್ರೀ!

"ರೇಸ್ ಗೀಸ್ ಏನಿಲ್ರೀ, ಸುಮ್ನ ಕಮಲಾಪುರ ತನಕ ಹೋಗಿ ಬರೋದು" ಎಂದು ಗೆಳೆಯರು ಹೇಳಿದರೆ ರೇಸ್ ಇದೆ ಅಂತಲೇ ತಿಳಿಯಬೇಕು. ಕಲಬುರಗಿಯ ಹುಮನಾಬಾದ್ ರಿಂಗ್ ರೋಡಿನಲ್ಲಿ ನಸುಕಿಗೇ ಸೈಕಲ್ ಹಿಡಿದು ಕೂಡುವ ಮಂದಿ ನಮಸ್ಕಾರಕ್ಕೂ ಮೊದಲು ಪಕ್ಕದವರ ಟೈರ್ ಒತ್ತಿ ನೋಡುತ್ತಾರೆ. ಕಪನೂರು ಕೈಗಾರಿಕಾ ಪ್ರದೇಶ ದಾಟುವ ತನಕ ಮಗಳ ಮದುವೆ, ತೊಗರಿ ದರ. ಆಮೇಲೆ ಯಾರೋ ಒಬ್ಬರು ಸದ್ದಿಲ್ಲದೆ ಗೇರ್ ಬದಲಿಸುತ್ತಾರೆ. ಮಾತು ಅಲ್ಲಿಗೆ ಬಂದ್.

ವೇಗ ಹೆಚ್ಚಿದಷ್ಟೂ ಸವಾರನಿಗೆ ಗಾಳಿಯೇ ದೊಡ್ಡ ವೈರಿ. ಮುಂದಿನವನ ಬೆನ್ನಿಗೆ ಅಂಟಿಕೊಂಡವನಿಗೆ ಶ್ರಮ ಎಷ್ಟೋ ಕಡಿಮೆ. ಹಾಗಾಗಿಯೇ "ನೀವು ಹಿರಿಯರು, ಮುಂದ ನಡೀರಿ" ಎಂಬ ಮರ್ಯಾದೆ ಏಕಾಏಕಿ ಉಕ್ಕುತ್ತದೆ. ಮಹಾಗಾಂವ ಕ್ರಾಸ್ ದಾಟಿದರೂ ನೆರಳಿನಂತೆ ಹಿಂದೆಯೇ ಇದ್ದವನು, ಕಮಲಾಪುರದ ಫಲಕ ಕಂಡೊಡನೆ ಹಿರಿಯರನ್ನೂ ಮರ್ಯಾದೆಯನ್ನೂ ಒಟ್ಟಿಗೇ ಹಿಂದಿಕ್ಕುತ್ತಾನೆ.

ಬಹುಮಾನ? ಜಿಐ ಮಾನ್ಯತೆ ಪಡೆದ ಕಮಲಾಪುರದ ಕೆಂಪು ಬಾಳೆ. ದುಡ್ಡು ಸೋತವರದು, ಮೊದಲ ಹಣ್ಣು ಗೆದ್ದವರದು. ಅಷ್ಟರಲ್ಲಿ ಬಿಸಿಲು ಏರಿರುತ್ತದೆ. ಮರಳುವ ಮೂವತ್ತು ಚಿಲ್ಲರೆ ಕಿಲೋಮೀಟರಿಗೆ ಪಂದ್ಯ ಕಟ್ಟುವ ಗಂಡು ಕಲಬುರಗಿಯಲ್ಲಿ ಇನ್ನೂ ಹುಟ್ಟಿಲ್ಲ. ಈಗ ಎಲ್ಲರ ಪೈಪೋಟಿ ಒಂದೇ: ಟಂಟಂ ಕಂಡೊಡನೆ "ಅಣ್ಣಾರ, ಸೈಕಲ್ ಮ್ಯಾಲ ಹಾಕ್ತೀರೇನ್ರಿ?" ಎಂದು ಮೊದಲು ಕೇಳುವವರು ಯಾರು?